ಶಾಲೆಯ ಋಣ ಯಾರಿಗೆ ಸಲ್ಲಬೇಕು?

ತಾಯಿತಂದೆಯರ ಋಣ, ಅನ್ನವಿಕ್ಕಿದ ಮನೆಯ ಋಣ, ಹುಟ್ಟಿದ ಊರಿನ ಋಣ - ಇವುಗಳ ಬಗ್ಗೆ ನಮ್ಮಲ್ಲಿ ಮಾತಿಗೆ ಬರವಿಲ್ಲ. ಆದರೆ ಅಕ್ಷರ ಕಲಿಸಿದ ಶಾಲೆಯ ಋಣವೆಂಬುದೊಂದು ಇದೆಯೆ, ಇದ್ದರೆ ಅದನ್ನು ಯಾರಿಗೆ ಸಲ್ಲಿಸಬೇಕು ಎಂಬ ಜಿಜ್ಞಾಸೆಗೆ ನಾವು ಅಷ್ಟಾಗಿ ಇಳಿದಂತಿಲ್ಲ. ಮುಂಬಯಿಗೆ ಬಂದು ಎರಡು ಮೂರು ತಲೆಮಾರು ಕಳೆದ ನಮ್ಮಂಥ ಕುಟುಂಬಗಳಿಗೆ ಇದು ಬರಿಯ ತತ್ತ್ವದ ಪ್ರಶ್ನೆಯಲ್ಲ. ನಮ್ಮ ಹಿರಿಯರು ಓದಿದ ಕನ್ನಡ ಶಾಲೆಗಳ ಬೆಂಚುಗಳು ಒಂದೊಂದಾಗಿ ಬರಿದಾಗುತ್ತಿವೆ. ಅದೇ ಹಿರಿಯರ ಮೊಮ್ಮಕ್ಕಳು ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಿದ್ದಾರೆ.

ನಾವು ವಾಸಿಸುವ ಬಾಂದ್ರಾವನ್ನೇ ನೋಡೋಣ. ಇಲ್ಲಿ ಶಾಲೆಗಳಿಗೆ ದೀರ್ಘ ಚರಿತ್ರೆಯಿದೆ. ಸೇಂಟ್ ಆಂಡ್ರ್ಯೂಸ್ ಶಾಲೆಯ ಮೂಲ 1780ರಷ್ಟು ಹಿಂದಿನದು. ಸೇಂಟ್ ಸ್ಟ್ಯಾನಿಸ್ಲಾಸ್ ಪ್ರೌಢಶಾಲೆ 1863ರಲ್ಲಿ ಆರಂಭವಾಯಿತು. ಕ್ರೈಸ್ತ ಬಂಧುಗಳು ಕಟ್ಟಿ ಬೆಳೆಸಿದ ಈ ಶಾಲೆಗಳಲ್ಲಿ ಬೇರೆ ಬೇರೆ ಮತದ, ಬೇರೆ ಬೇರೆ ಮನೆಮಾತಿನ ಮಕ್ಕಳು ಓದಿದ್ದಾರೆ. ಇವುಗಳ ಜತೆಗೆ ಮಹಾನಗರಪಾಲಿಕೆಯ ಶಾಲೆಗಳಿವೆ. ಬಾಂದ್ರಾ 1950ರಲ್ಲಿ ಬೃಹನ್ಮುಂಬಯಿಗೆ ಸೇರಿತು. ಆ ಪಾಲಿಕೆ ಮರಾಠಿ, ಹಿಂದಿ, ಗುಜರಾತಿ, ಉರ್ದು, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ - ಹೀಗೆ ಎಂಟು ಭಾಷೆಗಳಲ್ಲಿ ಮಕ್ಕಳಿಗೆ ಉಚಿತವಾಗಿ ಪಾಠ ಹೇಳಿಸುತ್ತದೆ. ಇಂಥ ಪಾಲಿಕೆ ನಮ್ಮ ದೇಶದಲ್ಲಿ ಅಪರೂಪ.

ಈ ಎಂಟರಲ್ಲಿ ಕನ್ನಡ ಉಳಿದ ಬಗೆಯನ್ನು ಸ್ವಲ್ಪ ಯೋಚಿಸಬೇಕು. 1956ರ ವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ರಾಜ್ಯದಲ್ಲಿದ್ದವು. ಅಂದು ಕನ್ನಡವು ಈ ರಾಜ್ಯದ್ದೇ ಒಂದು ಭಾಷೆ. ಆ ವರ್ಷದ ನವೆಂಬರ್ 1ರಂದು ಆ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದವು, ಇಲ್ಲಿ ಉಳಿದ ನಾವು ಹೊರನಾಡಿಗರಾದೆವು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣ ದೊರೆಯಬೇಕೆಂಬ 350-ಎ ವಿಧಿ ಸಂವಿಧಾನಕ್ಕೆ ಸೇರಿದ್ದೂ ಅದೇ 1956ರಲ್ಲಿ. ಆದರೆ ವಿಧಿ ಇದ್ದ ಮಾತ್ರಕ್ಕೆ ಶಾಲೆ ನಡೆಯುವುದಿಲ್ಲ. ಕನ್ನಡವರಿಯದ ಅಸಂಖ್ಯ ನಾಗರಿಕರು ಕೊಟ್ಟ ತೆರಿಗೆಯಿಂದ ಇಲ್ಲಿ ಕನ್ನಡ ಮಾಸ್ತರರಿಗೆ ಸಂಬಳ ಬಂತು, ಕನ್ನಡ ಮಕ್ಕಳ ತಲೆಯ ಮೇಲೆ ಸೂರು ನಿಂತಿತು.

ನಮ್ಮವರೂ ಕೈಕಟ್ಟಿ ಕುಳಿತವರಲ್ಲ. 1902ರಲ್ಲಿ ಸ್ಥಾಪನೆಯಾದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿಶಾಲೆ ನಡೆಸಿತು. ಬಿಲ್ಲವರ ಅಸೋಸಿಯೇಶನ್ ಗುರುನಾರಾಯಣ ರಾತ್ರಿ ಪ್ರೌಢಶಾಲೆಯನ್ನು ನಡೆಸಿತು. ವಡಾಲದಲ್ಲಿ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಶಾಲೆ ಬೆಳೆಯಿತು. ಹಗಲೆಲ್ಲ ಹೊಟೇಲಿನಲ್ಲಿ ಕಪ್ಪುಬಸಿ ತೊಳೆದ, ಕ್ಯಾಂಟೀನಿನಲ್ಲಿ ಚಹಾ ಹಂಚಿದ ಹುಡುಗರು ಸಂಜೆ ಕೈಕಾಲು ತೊಳೆದು ಪುಸ್ತಕ ಹಿಡಿದರು, ಎಸ್.ಎಸ್.ಸಿ. ದಾಟಿದರು, ಬ್ಯಾಂಕು ಕಚೇರಿಗಳನ್ನು ಸೇರಿದರು. ಇಂಥ ರಾತ್ರಿಶಾಲೆಗಳಲ್ಲಿ ಎಷ್ಟೋ ಶಾಲೆಗಳಿಗೆ ಸ್ವಂತ ಕಟ್ಟಡವೇ ಇರಲಿಲ್ಲ. ಹಗಲು ಬೇರೆಯವರ ಮಕ್ಕಳು ಕುಳಿತೆದ್ದ ಬೆಂಚಿನ ಮೇಲೆ ರಾತ್ರಿ ನಮ್ಮವರು ಕುಳಿತರು. ಹಗಲಿನವರು ಬರೆದಿಟ್ಟ ಲೆಕ್ಕವನ್ನು ಒರಸಿ ಅದೇ ಕರಿಹಲಗೆಯ ಮೇಲೆ ಕನ್ನಡ ಬರೆದರು.

ಹಾಗಾದರೆ ಈ ಸಾಲದ ಧಣಿ ಯಾರು? ಪಾಠ ಹೇಳಿದ ಮಾಸ್ತರರೆ? ಅವರಲ್ಲಿ ಬಹುಮಂದಿ ಇಂದು ಇಲ್ಲ. ದೇಣಿಗೆ ಎತ್ತಿದ ಹಿರಿಯರೆ? ಅವರು ಮರಳಿ ಕೇಳಲೆಂದು ಕೊಟ್ಟವರಲ್ಲ. ನಮ್ಮ ಪರಂಪರೆ ದೇವಋಣ, ಋಷಿಋಣ, ಪಿತೃಋಣ ಎಂದು ಮೂರು ಋಣಗಳನ್ನು ಹೇಳುತ್ತದೆ. ಪಿತೃಋಣ ತೀರುವುದು ಸಂತಾನದಿಂದ: ತಂದೆಯಿಂದ ಪಡೆದುದನ್ನು ಮಗನಿಗೆ ಕೊಟ್ಟಾಗ. ಋಷಿಋಣ ತೀರುವುದು ಅಧ್ಯಯನದಿಂದ, ಎಂದರೆ ಕೇಳಿದ್ದನ್ನು ಕಲಿತು ಮುಂದಿನವನಿಗೆ ದಾಟಿಸುವುದರಿಂದ. ಕೊಟ್ಟವನು ಒಬ್ಬ, ಸಲ್ಲಬೇಕಾದವನು ಇನ್ನೊಬ್ಬ. ಶಾಲೆಯ ಋಣವೂ ಈ ಜಾತಿಯದೇ ಎಂದು ನಮ್ಮ ಅಭಿಪ್ರಾಯ. ವರ್ಷಕ್ಕೊಮ್ಮೆ ಗುರುವಂದನೆ ಮಾಡಿ ಶಾಲು ಹೊದಿಸುವುದು ಒಳ್ಳೆಯ ಸಂಪ್ರದಾಯ. ಆದರೆ ಅದರಿಂದ ಸಾಲ ತೀರುವುದಿಲ್ಲ.

ಇಲ್ಲಿ ಕೆಲವರು ಕೇಳಬಹುದು: ಸ್ವಂತ ಮಗುವನ್ನು ಒಳ್ಳೆಯದೆಂದು ಕಂಡ ಶಾಲೆಗೆ ಕಳಿಸಿದ್ದು ತಪ್ಪೆ? ಖಂಡಿತ ಅಲ್ಲ. ರಾತ್ರಿಶಾಲೆಯಲ್ಲಿ ತೂಕಡಿಸುತ್ತ ಓದಿದವನ ಆಸೆಯೇ ತನ್ನ ಮಗ ಹಗಲು ಓದಲಿ ಎಂಬುದಾಗಿತ್ತು. ಆ ಆಸೆ ಕೈಗೂಡಿದ್ದು ಸಂತೋಷದ ಸಂಗತಿ. ಆದರೆ ನಮ್ಮ ಮಗುವಿನ ಫೀಸು ಕಟ್ಟಿದೊಡನೆ ಹಳೆಯ ಶಾಲೆಯ ಲೆಕ್ಕ ಚುಕ್ತಾ ಆಯಿತೆಂದು ತಿಳಿಯುವುದು ಸರಿಯಲ್ಲ. ಅವು ಎರಡು ಬೇರೆ ಲೆಕ್ಕಗಳು.

ನಮ್ಮ ಮಕ್ಕಳೇ ಇಲ್ಲದ ಮೇಲೆ ಕನ್ನಡ ತರಗತಿ ಯಾರಿಗಾಗಿ ಎಂಬುದು ಇನ್ನೊಂದು ಮಾತು. ಈ ಮಾತಿನಲ್ಲಿ 'ನಮ್ಮ' ಎಂಬ ಶಬ್ದ ತೀರ ಕಿರಿದಾಗಿದೆ. ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯಿಂದ ಕಟ್ಟಡದ ಕೆಲಸಕ್ಕೆಂದು ಬರುವ ಕುಟುಂಬಗಳು ಇಂದಿಗೂ ಈ ನಗರದಲ್ಲಿವೆ. ಅವರ ಮಕ್ಕಳಿಗೆ ಮನೆಮಾತು ಕನ್ನಡ, ಫೀಸಿನ ಶಾಲೆ ಕೈಗೆಟುಕದು. ಹಳಬರು ಎದ್ದುಹೋದ ಬೆಂಚಿಗೆ ಹೊಸಬರು ಬಂದು ನಿಂತಿರುವಾಗ ಬೆಂಚನ್ನೇ ಎತ್ತಿಡುವುದು ನ್ಯಾಯವೆ? ಕನ್ನಡ ತರಗತಿ ಮುಚ್ಚಿಯೇ ಹೋದ ಕಡೆಯಲ್ಲೂ ನಮ್ಮ ಹೊಣೆ ಮುಗಿಯುವುದಿಲ್ಲ. ಆ ಕೋಣೆಯಲ್ಲಿ ಇಂದು ಹಿಂದಿಯನ್ನೋ ಉರ್ದುವನ್ನೋ ಓದುವ ಮಗುವಿನ ತಂದೆ, ನಮ್ಮ ಅಜ್ಜಂದಿರು ಇಳಿದ ಹಾಗೆಯೇ, ಒಂದು ಟ್ರಂಕು ಹಿಡಿದು ಈ ಊರಲ್ಲಿ ಇಳಿದವನು.

ಮೊದಲು ನಮ್ಮವರು, ಆಮೇಲೆ ಉಳಿದವರು ಎನ್ನುವವರಿಗೆ ಮಾಹಿಮಿನಿಂದ ಬಾಂದ್ರಾಕ್ಕೆ ಬರುವ ಕಾಸ್‌ವೇಯನ್ನು ನೆನಪಿಸಬೇಕು. 1845ರಲ್ಲಿ ತೆರೆದ ಆ ಹಾದಿಗೆ ಸುಮಾರು 1,57,000 ರೂಪಾಯಿ ಕೊಟ್ಟವರು ಪಾರ್ಸಿ ಮಹಿಳೆ ಲೇಡಿ ಆವಾಬಾಯಿ ಜಮ್ಸೇಟ್‌ಜಿ. ದಾಟುವವರಿಂದ ಸುಂಕ ಎತ್ತಕೂಡದೆಂಬುದು ಅವರ ಷರತ್ತು. ದಾಟುವವನ ಜಾತಿ ಯಾವುದು, ಭಾಷೆ ಯಾವುದು ಎಂದು ಅವರು ಕೇಳಲಿಲ್ಲ. ನಾವು ಇಂದಿಗೂ ಆ ಹಾದಿಯಲ್ಲಿ ಓಡಾಡುತ್ತಿದ್ದೇವೆ.

ಹಾಗೆಂದು ಕನ್ನಡವನ್ನು ಮರೆಯಬೇಕೆಂದು ನಾವು ಹೇಳುತ್ತಿಲ್ಲ. ತರಗತಿಯೊಂದು ಮುಚ್ಚಿದರೆ ಭಾಷೆಗೆ ಆಗುವ ನಷ್ಟ ನಿಜವಾದದ್ದು, ರವಿವಾರದ ಒಂದು ಗಂಟೆಯ ಕನ್ನಡ ಪಾಠ ಅದನ್ನು ತುಂಬಿಕೊಡಲಾರದು. ಆದ್ದರಿಂದಲೇ ಉಳಿದಿರುವ ಕನ್ನಡ ಶಾಲೆಗಳ ಕಡೆಗೆ ಮೊದಲು ಕಾಲಿಡಬೇಕು. ಅಲ್ಲಿ ಎಷ್ಟು ಮಕ್ಕಳಿದ್ದಾರೆ, ಯಾವ ವಿಷಯಕ್ಕೆ ಮಾಸ್ತರರಿಲ್ಲ, ಪರೀಕ್ಷೆಯ ಹೊತ್ತಿಗೆ ಯಾವ ಮಗು ಓದಲು ಜಾಗವಿಲ್ಲದೆ ಒದ್ದಾಡುತ್ತದೆ ಎಂದು ವಿಚಾರಿಸಬೇಕು. ನಿವೃತ್ತರಾದವರು ವಾರಕ್ಕೆರಡು ಸಂಜೆ ಗಣಿತವನ್ನೋ ಇಂಗ್ಲಿಷನ್ನೋ ಹೇಳಿಕೊಡಬಹುದು. ಬಳಿಕ, ನಮ್ಮ ಬೀದಿಯ ಮುನಿಸಿಪಲ್ ಶಾಲೆಗೂ, ಅಲ್ಲಿನ ಮಾಧ್ಯಮ ಯಾವುದೇ ಇರಲಿ, ಅದೇ ವಿಚಾರಣೆ ಸಲ್ಲಬೇಕು.

ನಮಗೆ ಬೆಂಚು ಬಿಟ್ಟುಕೊಟ್ಟವರು ನಮ್ಮ ಹೆಸರು ಕೇಳಲಿಲ್ಲ. ನಾವೂ ಕೇಳದೆ ಕೊಟ್ಟಾಗ ಮಾತ್ರ ಆ ಸಾಲದಲ್ಲಿ ಒಂದಿಷ್ಟು ಇಳಿದೀತು.