ಬದುವಿನ ಮೇಲಿನ ಮಾತು



ಬೂಕನಕೆರೆ ಕಡೆಯ ತೋಟಗಳ ಬದುವಿನ ಮೇಲೆ ಸಂಜೆ ಕೇಳುವ ಮಾತು ಇಷ್ಟೇ: "ಭರಣಿ ಮಳೆ ಹುಯ್ತಾ? ಹಸು ಕರು ಹಾಕ್ತಾ? ಮಗೀಗೆ ಜ್ವರ ಬುಡ್ತಾ? ನಾಯಿ ಯಾಕಣ್ಣ ಮಂಕಾಗದೆ?" ಹರಟೆಯೆನಿಸಿದರೂ, ನೆರೆಮನೆಯ ಕಷ್ಟ ನಮಗೆ ತಿಳಿಯುವುದು ಈ ಮಾತಿನಿಂದಲೇ.

ಪುನರುತ್ಥಾನದ ಮುಂಜಾನೆ ಮಗ್ದಲದ ಮರಿಯಳು ಯೇಸುಸ್ವಾಮಿಯನ್ನು ತೋಟದವನೆಂದೇ ತಿಳಿದಳೆಂದು ಸಂತ ಯೊವಾನ್ನರು ಬರೆಯುತ್ತಾರೆ (20:15). ಪ್ರಭು ಮೊದಲು ವಿಚಾರಿಸಿದ್ದು ಅವಳ ಕಣ್ಣೀರಿನ ಕಾರಣವನ್ನು. ಬಳಿಕ ಹೆಸರು ಹಿಡಿದು ಕರೆದರು. ಆಗ ಅವಳಿಗೆ ಗುರುತು ಸಿಕ್ಕಿತು.

ನೀರಿನ ಸರದಿಗೋ ಬೇಲಿಗೋ ಜಗಳವಾಗಿ ಪಕ್ಕದ ತೋಟದವರೊಡನೆ ನಮ್ಮ ಮಾತು ನಿಂತಿದೆಯೇ? ಹಾಗಿದ್ದರೆ ಅವರ ಕಣ್ಣೀರು ನಮಗೆ ಕಾಣದು. ದೊಡ್ಡ ಪಂಚಾಯಿತಿಗೆ ಕಾಯುವುದು ಬೇಡ. ಈ ಸಂಜೆಯೇ ಬದುವಿಗೆ ಹೋಗಿ, "ಮಳೆ ಹೆಂಗಣ್ಣ?" ಎಂದು ನಾವೇ ಮೊದಲು ಕೇಳೋಣ.