ಭಟ್ಟಿಯ ಹೊತ್ತು ಮತ್ತು ಏಲಕ್ಕಿಯ ಗಂಧ

ಜಜ್ಜಿದ ಏಲಕ್ಕಿಯೊಳಗೆ ಹಬೆ ಹಾಯಿಸಿ ತೈಲ ಇಳಿಸುವಾಗ ಮೊದಲ ಗಂಟೆಯ ತೈಲದಲ್ಲಿ ಸಿನಿಯೋಲ್ ಎಂಬ ಘಟಕ ಹೆಚ್ಚು. ಮೂಗಿಗೆ ಅದು ನೀಲಗಿರಿ ಎಣ್ಣೆಯಂತೆ ಚುರುಕಾಗಿ ತಾಗುತ್ತದೆ. ಟರ್ಪಿನೈಲ್ ಅಸಿಟೇಟ್‌ನಂಥ ಎಸ್ಟರುಗಳು ನಿಧಾನವಾಗಿ ಇಳಿಯುತ್ತವೆ. ಪಾಯಸದ ಬಟ್ಟಲಿನಿಂದ ಏಳುವ ಆ ಸಿಹಿ ಸುವಾಸನೆಯಲ್ಲಿ ಅವುಗಳ ಪಾಲು ದೊಡ್ಡದು. ಬೇಗ ನಿಲ್ಲಿಸಿದರೆ ಒಂದು ತೈಲ, ನಾಲ್ಕೈದು ಗಂಟೆ ಕಾದರೆ ಇನ್ನೊಂದು. ಇವೆರಡರಲ್ಲಿ ಏಲಕ್ಕಿಯ ಗಂಧ ಯಾವುದು?

ಗಂಧ ಯಾರದ್ದು, ಶಾಖ ಅದನ್ನು ಏನು ಮಾಡುತ್ತದೆ ಎಂಬುದು ಹಳೆಯ ಪ್ರಶ್ನೆಯೂ ಹೌದು. ವೈಶೇಷಿಕ ದರ್ಶನಕ್ಕೆ ಗಂಧವು ಪೃಥ್ವಿಯ ವಿಶೇಷಗುಣ. ನೀರಿನಲ್ಲಿ ಪರಿಮಳ ತೋರಿದರೆ ಅದು ಬೆರೆತ ಪಾರ್ಥಿವ ಕಣಗಳದ್ದು. ಭಟ್ಟಿಯಿಂದ ಇಳಿದ ಘಮಘಮಿಸುವ ನೀರು ಇದಕ್ಕೆ ಸೊಗಸಾದ ನಿದರ್ಶನ. ಶಾಖದಿಂದ ಹುಟ್ಟುವ ಗುಣಗಳನ್ನು ಶಾಸ್ತ್ರಕಾರರು ಪಾಕಜ ಎಂದರು. ಹಸಿ ಮಡಕೆ ಆವಿಗೆಯಲ್ಲಿ ಕೆಂಪಾಗುವಾಗ ಮಡಕೆ ಪರಮಾಣುಗಳಾಗಿ ಬಿಡಿಸಿಕೊಂಡು, ಅವು ಬೆಂದು, ಮತ್ತೆ ಕೂಡುತ್ತವೆ ಎಂಬುದು ವೈಶೇಷಿಕರ ಪೀಲುಪಾಕ. ಇಡೀ ಮಡಕೆಯೇ ಇದ್ದಂತೆ ಬೇಯುತ್ತದೆ ಎಂಬುದು ನೈಯಾಯಿಕರ ಪಿಠರಪಾಕ.

ಭಟ್ಟಿಯಲ್ಲಿ ನಡೆಯುವುದರ ಬಹುಪಾಲು ಪಾಕವೇ ಅಲ್ಲ, ಬರೀ ಬೇರ್ಪಡಿಕೆ: ಕಾಯಿಯೊಳಗೆ ಇದ್ದದ್ದೇ ಸರದಿಯಲ್ಲಿ ಹೊರಬರುತ್ತದೆ. ಆದರೆ ಹೊತ್ತು ಬೆಳೆದಂತೆ ಲಿನಲೈಲ್ ಅಸಿಟೇಟ್ ಎಂಬ ಇನ್ನೊಂದು ಎಸ್ಟರಿನ ಒಂದಷ್ಟು ಭಾಗ ಬಿಸಿನೀರಿನಲ್ಲಿ ಒಡೆದು ಲಿನಲೂಲ್ ಆಗುತ್ತದೆ. ಇದು ನಿಜವಾದ ಪಾಕ. ಒಡೆದು ಮರಳಿ ಕೂಡುವ ಪೀಲುಪಾಕದ ಕಲ್ಪನೆಯೇ ಇಲ್ಲಿ ಹೆಚ್ಚು ಹೊಂದುತ್ತದೆ.