ಮಾತು ಬಾರದವನ ಪರವಾಗಿ ಬೇಡುವಾಗ



ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಕಿವಿ ಕೇಳದ, ಮಾತು ತೊಡರುವ ಒಬ್ಬನನ್ನು ಜನರು ಯೇಸುಸ್ವಾಮಿಯ ಬಳಿಗೆ ಕರೆತರುತ್ತಾರೆ. ಬೇಡಿಕೊಳ್ಳುವವರು ಅವರೇ. ಸ್ವಾಮಿಯಾದರೋ ಅವನೊಬ್ಬನನ್ನೇ ಜನಜಂಗುಳಿಯಿಂದ ಆಚೆಗೆ ಕರೆದೊಯ್ದು, ನೋವಿದ್ದಲ್ಲೇ, ಕಿವಿಯನ್ನೂ ನಾಲಿಗೆಯನ್ನೂ ಮುಟ್ಟುತ್ತಾರೆ.

ಅವನಂತೆಯೇ ತಮ್ಮ ನೋವನ್ನು ಹೇಳಲಾರದ, ತೀವ್ರ ಬೌದ್ಧಿಕ ವಿಕಲತೆಯುಳ್ಳವರನ್ನು ಸಾಕುತ್ತಿರುವ ಮನೆಗಳ ಪಾಡು ನಿಮಗೆ ಗೊತ್ತು. ದಿನವಿಡೀ ಮೈ ತೂಗಾಡುವುದು, ಕೈ ಬೀಸುವುದು, ಕೆಲವೊಮ್ಮೆ ಗೋಡೆಗೆ ತಲೆ ಬಡಿದುಕೊಳ್ಳುವುದು. ನಿದ್ದೆಗೆಟ್ಟ ತಾಯಿ "ಡಾಕ್ಟ್ರೇ, ಏನಾದರೂ ಮಾತ್ರೆ ಕೊಡಿ" ಎಂದರೆ ಆಕೆಯನ್ನು ಯಾರೂ ದೂರಬೇಡಿ. ಮಾತ್ರೆ ಕೊಡುವುದು ಪಾಪವಲ್ಲ. ಆದರೆ ಅದು ಮಗನ ನೋವಿಗೋ, ನಮ್ಮ ನೆಮ್ಮದಿಗೋ ಎಂದು ಮೊದಲು ಕೇಳಿಕೊಳ್ಳಬೇಕು.

2008ರಲ್ಲಿ ಲ್ಯಾನ್ಸೆಟ್ ವೈದ್ಯಪತ್ರಿಕೆಯಲ್ಲಿ ಇಂಥ ಮಾತ್ರೆಗಳ ಬಗ್ಗೆ ಒಂದು ಅಧ್ಯಯನ ಬಂತು. ಬೌದ್ಧಿಕ ವಿಕಲತೆಯ ಜೊತೆಗೆ ಹೊಡೆಯುವ, ಮೈಮೇಲೆ ಏರಿಬರುವ ವರ್ತನೆಯಿದ್ದ 86 ಮಂದಿಯಲ್ಲಿ ಕೆಲವರಿಗೆ ರಿಸ್ಪೆರಿಡೋನ್, ಕೆಲವರಿಗೆ ಹ್ಯಾಲೋಪೆರಿಡಾಲ್, ಉಳಿದವರಿಗೆ ಔಷಧಿಯೇ ಇಲ್ಲದ ಹುಸಿ ಮಾತ್ರೆ ಕೊಟ್ಟರು. ನಾಲ್ಕು ವಾರಗಳಲ್ಲಿ ಮೂರೂ ಗುಂಪಿನವರ ಸಿಟ್ಟು ಇಳಿಯಿತು. ಹುಸಿ ಮಾತ್ರೆಯವರು ಯಾರಿಗೂ ಹಿಂದೆ ಬೀಳಲಿಲ್ಲ. ಆ ದಿನಗಳಲ್ಲಿ ಅವರತ್ತ ಹರಿದ ಗಮನವೇ ಮದ್ದಾಗಿತ್ತೇನೋ ಎಂದು ನನಗನ್ನಿಸುತ್ತದೆ. ಮರುವರ್ಷ, ಆಟಿಸಂ ಇರುವ 149 ಮಕ್ಕಳಲ್ಲಿ ಮಾಡಿದ್ದನ್ನೇ ಮತ್ತೆ ಮತ್ತೆ ಮಾಡುವ ವರ್ತನೆಗೆ ಸಿಟಾಲೊಪ್ರಾಮ್ ಕೊಟ್ಟು ನೋಡಿದಾಗಲೂ ಅದು ಹುಸಿ ಮಾತ್ರೆಗಿಂತ ಹೆಚ್ಚು ಫಲ ಕೊಡಲಿಲ್ಲ.

ಆದ್ದರಿಂದ ಯಾರಿಗೂ ನೋವಾಗದ ತೂಗಾಟವಾದರೆ ತೂಗಾಡಲಿ ಬಿಡಿ. ಅದರಲ್ಲಿ ಅವನಿಗೊಂದು ಸಮಾಧಾನವಿದೆ. ತಲೆ ಬಡಿದುಕೊಳ್ಳುತ್ತಿದ್ದರೆ ಮಾತ್ರ ತಡಮಾಡಬೇಡಿ. ಹಲ್ಲುನೋವಿದೆಯೇ, ಕಿವಿ ಸೋರುತ್ತಿದೆಯೇ, ಮಲಬದ್ಧತೆಯೇ, ಹೊಟ್ಟೆಯುರಿಯೇ, ಹೆಣ್ಣುಮಕ್ಕಳಾದರೆ ಮುಟ್ಟಿನ ನೋವೇ ಎಂದು ಪರೀಕ್ಷೆ ಮಾಡಿಸಿ. ಹೇಳಲಾರದ ನೋವು ಹೀಗೆ ಹೊರಬರುವುದುಂಟು. ಆಮೇಲೂ ಔಷಧಿ ಬೇಕೆಂದು ವೈದ್ಯರು ಹೇಳಿದರೆ ನಂಬಿಕೆಯಿಂದ ಕೊಡಿ. ತೂಕ ಏರುತ್ತಿದೆಯೇ, ಕೈ ನಡುಗುತ್ತಿದೆಯೇ, ಸದಾ ಮಂಪರಿನಲ್ಲಿದ್ದಾನೆಯೇ ಎಂದು ಬರೆದಿಟ್ಟುಕೊಳ್ಳಿ. ಇದನ್ನು ಇನ್ನೆಷ್ಟು ಕಾಲ ಕೊಡಬೇಕೆಂದು ಪ್ರತಿ ಭೇಟಿಯಲ್ಲೂ ಕೇಳಿ. ನನ್ನ ಈ ಮಾತು ಕೇಳಿ ಯಾರೂ ಇವತ್ತೇ ಮಾತ್ರೆ ನಿಲ್ಲಿಸಬೇಡಿ. ಹಠಾತ್ತನೆ ಬಿಟ್ಟರೆ ಅಪಾಯ.

ಸಭೆಯವರಿಗೂ ಒಂದು ಕೆಲಸವಿದೆ. ಆಸ್ಪತ್ರೆಯ ದಿನ ಆ ತಾಯಿಯ ಜೊತೆ ನಮ್ಮಲ್ಲೊಬ್ಬರು ಹೋಗಬೇಕು. ವಾರದಲ್ಲೊಂದು ರಾತ್ರಿ ಯಾರಾದರೂ ಆ ಮನೆಯಲ್ಲಿ ಎಚ್ಚರವಿದ್ದು, ಆಕೆಗೆ ನಿದ್ದೆ ಮಾಡಲು ಬಿಡಬೇಕು. ಹೆಸರು ಕೊಡುವವರು ಆರಾಧನೆ ಮುಗಿದ ಮೇಲೆ ನನ್ನನ್ನು ಕಾಣಿರಿ.